ಬೀದಿಯದ್ದು, ಮನೆಯದ್ದು

ಎರಡರಲ್ಲಿ ಒಂದನ್ನು ಶನಿವಾರದೊಳಗೆ ಆರಿಸಬೇಕಿತ್ತು. ಭಾನುವಾರ ನನಗೆ ಇಪ್ಪತ್ತೆರಡು ತುಂಬುತ್ತಿತ್ತು. ಇಪ್ಪತ್ತೆರಡು ತುಂಬಿದವರು ಮೈಮೇಲೊಂದು ರಿವಾಲ್ವರ್ ಇಲ್ಲದೆ ಹೊಸ್ತಿಲು ದಾಟುವ ಪದ್ಧತಿ ನಮ್ಮೂರಿನಲ್ಲಿ ಇಲ್ಲ. ಹಾಲು ಹಾಕುವವನ ಹತ್ತಿರ ಇದೆ, ಕಾಲೇಜಿನ ಪ್ರಿನ್ಸಿಪಾಲರ ಹತ್ತಿರ ಇದೆ, ಎದುರುಮನೆಯಲ್ಲಿ ಹಾಸಿಗೆ ಹಿಡಿದಿರುವ ಅಜ್ಜಿಯ ಹತ್ತಿರವೂ ಇದೆ. ಇದೆ ಅಂತ ಎಲ್ಲರಿಗೂ ಗೊತ್ತು, ಎಲ್ಲಿದೆ ಅಂತ ಯಾರೂ ಕೇಳುವುದಿಲ್ಲ. ಬಸ್ಸಿನಲ್ಲಿ ಪಕ್ಕಪಕ್ಕ ಕೂತವರು ನಡುವೆ ನಾಲ್ಕು ಬೆರಳು ಜಾಗ ಬಿಡುತ್ತಾರೆ. ಮದುವೆಮನೆಯಲ್ಲಿ ಅಪ್ಪಿಕೊಳ್ಳುವವರು ಭುಜಕ್ಕೆ ಭುಜ ತಾಗಿಸಿ ಸರಿದುಬಿಡುತ್ತಾರೆ. ಡಾಕ್ಟರು ತೂಕ ನೋಡಿ ಅರ್ಧ ಕೇಜಿ ತಾವೇ ಕಳೆದು ಬರೆಯುತ್ತಾರೆ. ಬಟ್ಟೆಯ ಒಳಗೆ ಅದಕ್ಕೆಂದು ಹೊಲಿಯುವ ಜೇಬನ್ನು ನಾವು ಗೂಡು ಅನ್ನುತ್ತೇವೆ. ಗೂಡು ಎಲ್ಲಿದೆ ಎನ್ನುವುದು ತೊಟ್ಟವರಿಗೆ ಮತ್ತು ಹೊಲಿದವರಿಗೆ ಮಾತ್ರ ಗೊತ್ತಿರುತ್ತದೆ. ಹೊಲಿದವರು ಬಾಯಿ ಬಿಡುವುದಿಲ್ಲ. ಗುಂಡು ಹಾರಿದ ಸದ್ದನ್ನು ನಾನು ಈವರೆಗೆ ಕೇಳಿಲ್ಲ. ಅಮ್ಮನೂ ಕೇಳಿಲ್ಲವಂತೆ.

ಅದರ ಹಿಂದಿನ ಶನಿವಾರ ಅಮ್ಮ, ವರದೂ ಮಾವ ಇಬ್ಬರೂ ನನ್ನನ್ನು ಚೆನ್ನಾಜಮ್ಮನವರ ಅಂಗಡಿಗೆ ಕರೆದುಕೊಂಡು ಹೋಗಿದ್ದರು. ಹಿಟ್ಟಿನ ಗಿರಣಿಗೂ ಕನ್ನಡಕದ ಅಂಗಡಿಗೂ ನಡುವೆ ಇರುವ ಚಿಕ್ಕ ಅಂಗಡಿ ಅದು. ಗಿರಣಿಯ ಹಿಟ್ಟು ಗಾಜಿನ ಮೇಲೆಲ್ಲ ಕೂತಿರುತ್ತದೆ. ಚೆನ್ನಾಜಮ್ಮನವರು ಸೆರಗಿನಲ್ಲಿ ಗಾಜು ಒರೆಸಿ, ಕೆಂಪು ಬಟ್ಟೆಯ ಮೇಲೆ ಎರಡನ್ನು ಇಟ್ಟರು. ಎರಡೂ ಅಂಗೈಗಿಂತ ಸ್ವಲ್ಪವೇ ದೊಡ್ಡವು.

"ಇದು ಬೀದೀಗೆ," ಅಂದರು. "ಹಗುರ. ಹಿಂದ್ಗಡೆ ಕೊಂಡಿ ಇದೆ ನೋಡು, ಹೆಬ್ಬೆರಳಲ್ಲಿ ಎಳ್ಕೊಂಡ್ರೆ ತೋರುಬೆರಳಲ್ಲಿ ಕುದುರೆ ಒತ್ತೋದು ಸಲೀಸು. ಆದ್ರೆ ಕೈ ನೀಡ್ಬೇಕು. ಎದುರಿಗಿರೋನು ಎಂಟ್ಹತ್ತು ಹೆಜ್ಜೆ ಆಚೆ ಇರ್ಬೇಕು. ಅವಸರಕ್ಕೆ ತೆಗೆದ್ರೆ ಕೊಂಡಿ ಬಟ್ಟೇಗೆ ಸಿಗಾಕ್ಕೊಳ್ಳುತ್ತೆ, ಅದೊಂದು ಕಾಟ." ಆಮೇಲೆ ಎರಡನೆಯದನ್ನು ನನ್ನ ಕಡೆ ತಳ್ಳಿದರು. "ಇದು ಮನೇಗೆ. ಸ್ವಲ್ಪ ಭಾರ. ಕೊಂಡಿ ಒಳಗೇ ಮುಚ್ಕೊಂಡಿದೆ. ಸೋಪಿನ ಹಂಗೆ ನುಣುಪು, ಎಲ್ಲೂ ಸಿಕ್ಕಿಹಾಕ್ಕೊಳ್ಳಲ್ಲ. ಕುದುರೆ ಮಾತ್ರ ಬಿಗಿ. ಹೊರಗೆ ತೆಗೀಲೇಬೇಕು ಅಂತಿಲ್ಲ, ಬಟ್ಟೆ ಒಳಗಿಂದಾನೇ ಆಗುತ್ತೆ. ಕೈ ನೀಡೋದಕ್ಕೆ ಜಾಗ ಇಲ್ದಿರೋ ಕಡೇಗೆ."

ಮಾವ ಗಟ್ಟಿಯಾಗಿ ನಕ್ಕ. "ಅದನ್ಯಾಕೆ ತೆಗೆದ್ರಿ ಚೆನ್ನಾಜಮ್ಮ? ನಮ್ಮನೇಲಿರೋದೇ ಮೂರು ಜನ. ಅಕ್ಕ, ನಾನು, ಇವಳು. ಇವಳು ಸುಡೋದಾದ್ರೆ ಯಾರನ್ನ, ನನ್ನನ್ನಾ?"

ಅಮ್ಮನೂ ನಕ್ಕಳು. ನಾನೂ ನಕ್ಕೆ ಅನ್ನಿಸುತ್ತದೆ. ಮಾವ ನಕ್ಕಾಗ ನಗುವುದು ಹದಿಮೂರು ವರ್ಷದ ಅಭ್ಯಾಸ.

"ಎರಡೂ ತೋರಿಸ್ದೆ ಮಾರೋ ಹಂಗಿಲ್ಲ ಕಣಪ್ಪ," ಅಂದರು ಚೆನ್ನಾಜಮ್ಮನವರು, ನಗದೆ.

ಗುಂಡಿಲ್ಲದೆ ಒಂದೊಂದನ್ನು ಮೂರು ಮೂರು ದಿನ ಮೈಮೇಲೆ ಇಟ್ಟುಕೊಂಡು ನೋಡಿ, ಏಳನೆಯ ದಿನ ಬಂದು ಆರಿಸುವುದು ರೂಢಿ. ಆರಿಸುವಾಗ ಅಂಗಡಿಯ ಬಾಗಿಲು ಅಗಲ ತೆರೆದಿರುತ್ತದೆ. ಯಾವುದು ಅಂತ ಬಾಯಿಬಿಟ್ಟು ಹೇಳಬೇಕು, ಹಿಂದೆ ನಿಂತ ಮನೆಯ ಹಿರಿಯರೊಬ್ಬರು ಹೌದು ಅನ್ನಬೇಕು. ಮುಚ್ಚಿಡುವುದೆಲ್ಲ ಅದರ ನಂತರ. ಆದ್ದರಿಂದ ಯಾರು ಏನು ತೆಗೆದುಕೊಂಡರು ಅನ್ನುವುದು ಗಿರಣಿಯ ಸಾಲಿನಲ್ಲಿ ನಿಂತವರಿಗೆಲ್ಲ ತಿಳಿಯುತ್ತದೆ. ಎಲ್ಲರೂ ಬೀದಿಯದ್ದನ್ನೇ ತೆಗೆದುಕೊಳ್ಳುತ್ತಾರೆ. ನಾನು ಹೈಸ್ಕೂಲಿನಲ್ಲಿದ್ದಾಗ ಹೊಲಿಗೆ ಕಲಿಸುತ್ತಿದ್ದ ಅಂಬುಜಾ ಟೀಚರ್ ತಮ್ಮ ಬೀದಿಯದ್ದನ್ನು ಹಿಂದಿರುಗಿಸಿ ಮನೆಯದ್ದು ಕೇಳಿದ್ದರು. ಅವರ ತಾಯಿ ಬಂದು ಹೌದು ಅಂದರು. ಆಮೇಲೆ ಟೀಚರ ಗಂಡ ಊರೆಲ್ಲ ತಿರುಗಿ, ತಾನು ಏನೂ ಮಾಡಿಲ್ಲ, ಕೈ ಸಹ ಎತ್ತಿಲ್ಲ ಅಂತ ಕೇಳದವರಿಗೂ ಹೇಳಿದ. ಆರು ತಿಂಗಳಲ್ಲಿ ಊರು ಬಿಟ್ಟ. ಟೀಚರನ್ನೂ ಆಮೇಲೆ ಯಾರೂ ಅರಿಶಿನ ಕುಂಕುಮಕ್ಕೆ ಕರೆಯಲಿಲ್ಲ.

ನನ್ನ ವಿಷಯದಲ್ಲಿ ಇನ್ನೂ ಒಂದಿತ್ತು. ಹುಟ್ಟುಹಬ್ಬ ಕಳೆದ ಮೇಲೆ ವರದೂ ಮಾವನಿಗೆ ನನ್ನನ್ನು ಕೊಡುವುದು ಅಂತ ಅಮ್ಮ ಮನಸ್ಸು ಮಾಡಿದ್ದಳು. ನಾನು ಬೇಡ ಅಂದಿರಲಿಲ್ಲ. ಹೂಂ ಅಂತಲೂ ಅಂದಿರಲಿಲ್ಲ. ನಾನು ಏನನ್ನೂ ಅನ್ನುವವಳಲ್ಲ. ಸಸ್ಯಶಾಸ್ತ್ರದಲ್ಲಿ ಮೊದಲ ದರ್ಜೆ ಬಂದಾಗ ಅಮ್ಮನಿಗೆ ಹೇಳಲು ಸಂಜೆಯವರೆಗೆ ಕಾದಿದ್ದೆ. ಬಾಯಿಗೆ ಬಾರದ್ದೆಲ್ಲ ಡೈರಿಗೆ ಹೋಗುತ್ತದೆ. ಮನೆಯದ್ದು ಅಂತ ಅಂಗಡಿಯಲ್ಲಿ ಒಂದು ಮಾತು ಅಂದುಬಿಟ್ಟರೆ ಮದುವೆ ನಿಲ್ಲುತ್ತದೆ, ಇದು ನನಗೆ ಗೊತ್ತಿತ್ತು. ಮೂರೇ ಜನರ ಮನೆಯಲ್ಲಿ ನಾನು ಯಾರಿಗೆ ಹೆದರುತ್ತೇನೆ ಅನ್ನುವುದನ್ನು ಲೆಕ್ಕ ಹಾಕಲು ಗಿರಣಿಯ ಸಾಲಿಗೆ ಹೆಚ್ಚು ಹೊತ್ತು ಬೇಡ, ಇದೂ ಗೊತ್ತಿತ್ತು.

ಮಾವ ಕೆಟ್ಟವನಲ್ಲ. ಇದನ್ನು ಬರೆಯುವಾಗಲೂ ಕೈ ನಿಲ್ಲುತ್ತದೆ, ಆದರೆ ಬರೆಯಬೇಕು. ಅಪ್ಪ ಹೋದಾಗ ನನಗೆ ಒಂಬತ್ತು. ಅಮ್ಮನ ತಮ್ಮನಾದ ಇವನು ಒಂದು ಟ್ರಂಕು ಹಿಡಿದು ಬಂದವನು ಮತ್ತೆ ಹೋಗಲಿಲ್ಲ. ನನಗೆ ಸೈಕಲ್ ಕಲಿಸಿದ. ಪರೀಕ್ಷೆಯ ದಿನಗಳಲ್ಲಿ ಕಾಲೇಜಿನ ಗೇಟಿನ ಹೊರಗೆ ಮಜ್ಜಿಗೆ ಹಿಡಿದು ನಿಲ್ಲುತ್ತಿದ್ದ. ಬಸ್ ಸ್ಟ್ಯಾಂಡಿನಲ್ಲಿ ಅವನಿಗೆ ಕಂಟ್ರೋಲರ್ ಕೆಲಸ, ಯಾವ ಬಸ್ಸು ಎಲ್ಲಿ ನಿಂತಿದೆ ಅಂತ ಮೈಕಿನಲ್ಲಿ ಹೇಳುವುದು. ದಿನವಿಡೀ ಹತ್ತಿ ಇಳಿಯುವವರನ್ನು ನೋಡಿ ನೋಡಿ ಅವನಿಗೊಂದು ವಿದ್ಯೆ ಬಂದಿತ್ತು. ಯಾರ ಗೂಡು ಎಲ್ಲಿದೆ ಅಂತ ಅವನು ನೋಡಿಯೇ ಹೇಳಬಲ್ಲ. ಕೇಳಬಾರದ ವಿಷಯವನ್ನು ಕೇಳದೆಯೇ ಹೇಳುತ್ತಾನಲ್ಲ, ಹಾಗಾಗಿ ಯಾರೂ ತಪ್ಪು ಹಿಡಿಯುತ್ತಿರಲಿಲ್ಲ. ಮದುವೆಮನೆಗಳಲ್ಲಿ ಅವನ ಸುತ್ತ ಗುಂಪು ಕೂಡುತ್ತಿತ್ತು.

ಭಾನುವಾರ ಬೀದಿಯದ್ದನ್ನು ಮೈಮೇಲೆ ಇಟ್ಟುಕೊಂಡೆ. ಅಮ್ಮ ಚೂಡಿದಾರದ ಎಡಸೊಂಟಕ್ಕೆ ಗೂಡು ಹೊಲಿದುಕೊಟ್ಟಿದ್ದಳು. ಕೋಣೆಯಲ್ಲಿ ಹತ್ತು ಸಲ ಅತ್ತಿಂದಿತ್ತ ನಡೆದೆ, ಬಗ್ಗಿದೆ, ಕೂತೆ, ಎದ್ದೆ. ಹೊರಗೆ ಬಂದು ಹತ್ತು ನಿಮಿಷವಾಗಿರಲಿಲ್ಲ. ಮಾವ ಪೇಪರಿನಿಂದ ತಲೆಯೆತ್ತಿ, "ಎಡಸೊಂಟ!" ಅಂದ. ಎದ್ದು ಬಂದು ಅಲ್ಲೇ ಎರಡು ಬೆರಳಲ್ಲಿ ಟಕಟಕ ತಟ್ಟಿದ, ಕಲ್ಲಂಗಡಿ ತಟ್ಟಿ ನೋಡುವ ಹಾಗೆ.

"ಅಯ್ಯೋ, ಬಿಡೋ ಅವಳನ್ನ," ಅಂದಳು ಅಮ್ಮ, ನಗುತ್ತಾ.

ಮಾರನೆಯ ದಿನ ಬೆನ್ನ ಹಿಂದಕ್ಕೆ ಬದಲಾಯಿಸಿದೆವು. ಅವನು ಮಧ್ಯಾಹ್ನ ಊಟಕ್ಕೆ ಬಂದವನು ಬೂಟು ಬಿಚ್ಚುವ ಮೊದಲೇ ಹೇಳಿದ, ತಟ್ಟಿದ. ಮಂಗಳವಾರ ಬಲಪಕ್ಕೆ. ಅಂದೂ ತಟ್ಟಿದ. ಬೆರಳು ಅಲ್ಲಿ ಒಂದು ಕ್ಷಣ ಹೆಚ್ಚಿಗೆ ನಿಂತಿತು. ಹೆಚ್ಚು ಅಂದರೆ ಎಷ್ಟು? ಉಸಿರು ಒಳಗೆ ಎಳೆದುಕೊಂಡು ಇನ್ನೂ ಬಿಡದಿರುವಷ್ಟು. ಇಂಥದ್ದನ್ನು ಅಮ್ಮನಿಗೆ ಹೇಗೆ ಹೇಳುವುದು? ಕೋಣೆಗೆ ಹೋಗಿ ಡೈರಿ ತೆಗೆದೆ, ಬರೆಯದೆ ಮುಚ್ಚಿದೆ. ಅಂಗಳಕ್ಕೆ ಹೋದೆ, ಯಾಕೆ ಬಂದೆ ಅಂತ ತಿಳಿಯದೆ ವಾಪಸು ಬಂದೆ. ಆ ವಾರವೆಲ್ಲ ನನಗೆ ಒಂದು ಕಡೆ ಕೂರಲಾಗುತ್ತಿರಲಿಲ್ಲ. ಕಾಲಿನ ಬೆರಳುಗಳು ಸುಮ್ಮನೆ ಮಡಚಿಕೊಳ್ಳುತ್ತಿದ್ದವು.

ಬುಧವಾರ ಬೆಳಿಗ್ಗೆ ಮನೆಯದ್ದಕ್ಕೆ ಗೂಡು ಹೊಲಿಯುತ್ತಾ ಅಮ್ಮ ಮಾತು ತೆಗೆದಳು.

"ರೂಢಿಗೆ ಅಂತ ಮೂರು ದಿನ ಇಟ್ಕೊ. ಶನಿವಾರ ಬೀದೀದೇ ಹೇಳು. ಆಮೇಲೆ ನಿಂಗೂ ವರದೂಗೂ ಮದುವೆಗೆ ಒಂದು ಒಳ್ಳೇ ದಿನ ನೋಡಿಸ್ತೀನಿ."

ನಾನು ದಾರದ ಉಂಡೆ ಹಿಡಿದು ಕೂತಿದ್ದೆ.

"ಏನಾದ್ರೂ ಅನ್ನೇ ಮಂದಾ. ನಿನ್ನ ಮನಸ್ಸಲ್ಲೇನಿದೆ ಅಂತ ಹೆತ್ತ ನಂಗೇ ಗೊತ್ತಾಗಲ್ಲ. ಅವನಿಗೆ ಗೊತ್ತಾಗುತ್ತೆ. ಇಂಗು ಹಾಕಿದ್ರೆ ನಿಂಗೆ ಹೊಟ್ಟೆ ತೊಳಸುತ್ತೆ ಅಂತ ಅವನೇ ತಾನೇ ಹೇಳಿದ್ದು? ಹಸಿರು ಸೀರೆ ನೀನು ಉಡಲ್ಲ, ಅದು ಆಸ್ಪತ್ರೆ ಪರದೆ ಬಣ್ಣ ಅಂತ ಅವನೇ ಹೇಳಿದ್ದು. ಬಾಯಿ ಬಿಡದೋಳ ಮನಸ್ಸು ಓದೋ ಗಂಡು ಎಲ್ಲಿ ಸಿಕ್ತಾನೆ ಹೇಳು."

ಇಂಗಿನ ವಿಷಯ ನಾನು ಡೈರಿಯಲ್ಲಿ ಬರೆದಿದ್ದೆ. ಹಸಿರು ಪರದೆಯದ್ದೂ ಬರೆದಿದ್ದೆ. ಅವನು ಹೇಳುವುದಕ್ಕೆ ಮುಂಚೆ ಬರೆದಿದ್ದೆನೋ ಆಮೇಲೋ ಅಂತ ನನಗೆ ಸಂಶಯ ಬಂದದ್ದು ಅದೇ ಮೊದಲಲ್ಲ. ಡೈರಿ ನನ್ನ ಟ್ರಂಕಿನ ತಳದಲ್ಲಿ, ಒಣಗಿಸಿದ ಗಿಡಗಳನ್ನು ಅಂಟಿಸಿದ ಹಾಳೆಗಳ ಕೆಳಗೆ ಇರುತ್ತದೆ. ಒಂದೆರಡು ಸಲ ಹಾಳೆಗಳು ಹಿಂದುಮುಂದಾಗಿದ್ದವು. ಎಲೆಯೊಂದು ಮುರಿದಿತ್ತು. ಇಲಿ ಇರಬಹುದು ಅಂದುಕೊಂಡಿದ್ದೆ. ಇಲಿ ಹಾಳೆ ತಿರುಗಿಸುವುದಿಲ್ಲ ಅಂತ ಗೊತ್ತಿದ್ದೂ ಅಂದುಕೊಂಡಿದ್ದೆ.

ಅಮ್ಮ ಗೂಡನ್ನು ಎಡ ಎದೆಯ ಕೆಳಗೆ, ಕೈ ಮಡಚಿ ನಿಂತರೆ ಬೆರಳು ತಾನಾಗಿ ತಲುಪುವಲ್ಲಿ ಹೊಲಿದಳು. ಅದು ಒಳಗೆ ಕೂತದ್ದೇ ಮೈಗೆ ಮೈಯಾಯಿತು. ಕೊಂಡಿ ಚುಚ್ಚಲಿಲ್ಲ, ಬಟ್ಟೆ ಉಬ್ಬಲಿಲ್ಲ. ಭಾರವೇನೋ ಇತ್ತು, ಆದರೆ ಮಡಿಲಲ್ಲಿ ಮಲಗಿದ ಬೆಕ್ಕಿನ ಭಾರದ ಹಾಗೆ.

ಆ ದಿನ ಮಾವ ಪೇಪರಿನಿಂದ ತಲೆಯೆತ್ತಿ ನೋಡಿದ, ಮತ್ತೆ ನೋಡಿದ. "ಬಲಗಡೆನಾ?" ಅಂದ. ಗೂಡಿನ ವಿಷಯದಲ್ಲಿ ಅವನು ಪ್ರಶ್ನೆ ಕೇಳಿದ್ದು ನಾನು ಕಂಡ ಹಾಗೆ ಅದೇ ಮೊದಲು. ಗುರುವಾರ ಊಟದ ನಡುವೆ ಎದ್ದು ನನ್ನ ಸುತ್ತ ಒಂದು ಪ್ರದಕ್ಷಿಣೆ ಹಾಕಿದ. ನಾನು ನೀರು ತರಲು ಹೋದರೆ ಹಿಂದೆ ಬಂದು ನಡಿಗೆ ನೋಡಿದ. "ಎಲ್ಲೋ ಕೋಣೇಲಿ ಬಿಟ್ಟು ಬಂದಿದಾಳೆ ಅಕ್ಕ, ಮೋಸ," ಅಂದ. ನಗುತ್ತಲೇ ಅಂದ, ಆದರೆ ಅನ್ನ ಅರ್ಧಕ್ಕೇ ಬಿಟ್ಟ. ನನ್ನ ಮೈಮೇಲೆ ಅವನಿಗೆ ಗೊತ್ತಿಲ್ಲದ ಜಾಗವೊಂದು ಇತ್ತು. ಅದು ಎಷ್ಟು ಹಿತವಾಗಿತ್ತೆಂದರೆ ನನಗೇ ಭಯವಾಯಿತು.

ಸಂಜೆ ಡೈರಿ ತೆಗೆದು, ಅದರಲ್ಲಿ ನನ್ನ ಜೀವನದ ಮೊದಲ ಸುಳ್ಳನ್ನು ಬರೆದೆ. ಬಲಮೊಣಕಾಲಿನ ಮೇಲೆ, ಅಮ್ಮನ ಹಳೆಯ ನೇರಳೆ ಸೀರೆಯ ಅಂಚು ಹರಿದು ಪಟ್ಟಿ ಮಾಡಿ ಅದರಲ್ಲಿ ಕಟ್ಟಿಕೊಂಡಿದ್ದೇನೆ, ನಡೆಯುವಾಗ ಜಾರುತ್ತದೆ, ಅಂತ. ಹಾಳೆಗಳ ಕೆಳಗೆ ಇಟ್ಟು, ಮರುದಿನ ಬೆಳಿಗ್ಗೆ ಲೈಬ್ರರಿಗೆ ಹೋಗುತ್ತೇನೆ ಅಂತ ಹೇಳಿ ಹೊರಟುಹೋದೆ. ಲೈಬ್ರರಿಯಲ್ಲಿ ಒಂದೇ ಪುಟವನ್ನು ಎರಡು ಗಂಟೆ ಓದಿದೆ.

ಶುಕ್ರವಾರ ಮಧ್ಯಾಹ್ನ ಮಾವ ಊಟಕ್ಕೆ ಬಂದ. ತುಂಬ ಗೆಲುವಾಗಿದ್ದ. ಅಮ್ಮ ಹುಳಿ ಬಡಿಸುತ್ತಿದ್ದಳು. ಅವನು ಶಾಸ್ತ್ರ ಹೇಳುವವನ ಹಾಗೆ ಕಣ್ಣು ಮುಚ್ಚಿ, ಎಡಗೈ ಹಣೆಗೆ ಇಟ್ಟುಕೊಂಡ.

"ಕಾಣಿಸ್ತಾ ಇದೆ, ಕಾಣಿಸ್ತಾ ಇದೆ… ಬಲಗಾಲು. ಮೊಣಕಾಲಿನ ಮೇಲೆ. ಪಟ್ಟೀಲಿ ಕಟ್ಟಿದಾಳೆ ಕಣಕ್ಕ! ಅದೂ ಎಂಥ ಪಟ್ಟಿ? ನಿನ್ನ ಹಳೇ ನೇರಳೆ ಸೀರೆ ಅಂಚು!" ಕಣ್ಣು ಬಿಟ್ಟು, ತಟ್ಟಲು ಎಡಗೈ ಚಾಚಿದ. ನಾನು ತಟ್ಟೆಯನ್ನು ಹಿಡಿದುಕೊಂಡೇ ಹಿಂದೆ ಸರಿದೆ.

ಅಮ್ಮ ಸೌಟು ಹಿಡಿದು ಹಾಗೇ ನಿಂತಿದ್ದಳು. "ನೇರಳೆ ಸೀರೆ ಎಲ್ಲಿದೆಯೋ ಈ ಮನೇಲಿ? ಪಾತ್ರೆ ಮಾರೋಳಿಗೆ ಹಾಕಿ ಎರಡು ವರ್ಷ ಆಯ್ತು."

"ಅಂಚು ಉಳಿಸ್ಕೊಂಡಿರ್ತಾಳೆ."

"ಗೂಡು ನಾನು ಹೊಲ್ದಿರೋದು. ಕಾಲಲ್ಲಿಲ್ಲ ಅದು." ಅಮ್ಮ ನನ್ನ ಕಡೆ ತಿರುಗಿದಳು. "ಏನೇ ಇದು?"

ನನ್ನ ದನಿ ನನಗೇ ಪರಕೀಯವಾಗಿ ಕೇಳಿಸಿತು. "ನಾನು ಡೈರೀಲಿ ಹಾಗಂತ ಬರೆದಿದ್ದೆ ಅಮ್ಮ. ಸುಳ್ಳು ಬರೆದಿದ್ದೆ. ಇನ್ನೆಲ್ಲೂ ಇಲ್ಲ ಅದು."

ಮಾವ ಸಿಕ್ಕಿಬಿದ್ದ ಮುಖ ಮಾಡಿದ, ಮಕ್ಕಳು ಬೆಲ್ಲ ಕದ್ದು ಸಿಕ್ಕಿಬಿದ್ದಾಗ ಮಾಡುವ ಮುಖ. "ಭಲೇ! ನಂಗೇ ಬೋನು ಇಟ್ಲಲ್ಲ ಇವಳು! ನೋಡಕ್ಕ, ಮೂಗಿ ಅಂದ್ಕೊಂಡ್ರೆ ಎಷ್ಟು ಚೂಟಿ."

"ಎಷ್ಟು ದಿನದಿಂದ ಓದ್ತಾ ಇದೀಯ?" ಅಂದಳು ಅಮ್ಮ.

"ಪಿಯುಸಿಯಿಂದ. ಅದರಲ್ಲೇನಿದೆ? ನಾಳೆ ಮದುವೆ ಆದ್ಮೇಲೆ ಗೊತ್ತಾಗೋದು ಇವತ್ತೇ ಗೊತ್ತಾಯ್ತು ಅಷ್ಟೇ. ಓದದೇ ಇದ್ದಿದ್ರೆ ಇವಳ ಮನಸ್ಸಲ್ಲೇನಿದೆ ಅಂತ ನಿಂಗ್ಯಾರು ಹೇಳ್ತಿದ್ರು ಹೇಳು? ನಾನು ಓದಿದ್ದಕ್ಕೆ ತಾನೇ ನೀನು ಇಂಗು ಬಿಟ್ಟಿದ್ದು?"

ಅಮ್ಮ ಸೌಟನ್ನು ಪಾತ್ರೆಗೆ ಹಾಕಿದಳು. "ಹುಳಿ ಆರುತ್ತೆ, ಊಟ ಮಾಡು," ಅಂದಳು. ಅವನು ಮಾಡಿದ, ಎರಡನೆಯ ಸಲ ಹಾಕಿಸಿಕೊಂಡ, ಸೀಟಿ ಹೊಡೆಯುತ್ತಾ ಕೆಲಸಕ್ಕೆ ಹೋದ.

ಎಲ್ಲ ಮುಗಿಯಿತು ಅಂದುಕೊಂಡಿದ್ದೆ. ಏನೂ ಮುಗಿದಿರಲಿಲ್ಲ. ಪಾತ್ರೆ ಎತ್ತುವಾಗ ಅಮ್ಮ, "ಅವನು ಮಾಡಿದ್ದು ತಪ್ಪು," ಅಂದಳು. ಆಮೇಲೆ, "ನಿಂಗೊಂದು ಬೀಗ ತಂದ್ಕೊಡ್ತೀನಿ," ಅಂದಳು. ಒಲೆ ಒರೆಸಿ ಮುಗಿಸಿದ ಮೇಲೆ, "ನಾಳೆ ಬೀದೀದೇ ಹೇಳು ಮಂದಾ. ಡೈರಿ ಓದಿದ್ದಕ್ಕೆ ಮನೇದು ತಗೊಂಡ್ಳು ಅಂದ್ರೆ ಊರು ನಗುತ್ತೆ. ಮದುವೆ ವಿಷಯ ಆಮೇಲೆ ನೋಡೋಣ," ಅಂದಳು.

"ಡೈರಿ ಮಾತ್ರ ಅಲ್ಲಮ್ಮ," ಅಂದೆ. ಮುಂದಿನದು ಬರಲಿಲ್ಲ. ನಾನು ನನ್ನ ಬಲಪಕ್ಕೆಯ ಮೇಲೆ ಎರಡು ಬೆರಳಿಟ್ಟು ತಟ್ಟಿದೆ, ಬೆರಳನ್ನು ತೆಗೆಯದೆ ಅಲ್ಲೇ ಹಿಡಿದೆ. ಅಮ್ಮ ನೋಡಿದಳು. ಹೆಚ್ಚು ಹೊತ್ತು ನೋಡಲಾರದೆ ಒಲೆಯನ್ನು ಮತ್ತೆ ಒರೆಸಲು ಶುರು ಮಾಡಿದಳು.

ಶನಿವಾರ ಬೆಳಿಗ್ಗೆ ನನ್ನ ಜಡೆ ಹಾಕುತ್ತಾ, ಮುಖ ಕಾಣದ ಹಾಗೆ ಹಿಂದೆ ಕೂತು, ಕೇಳಿದಳು. "ಅಪ್ಪ ಹೋದಾಗ ನಾನು ಅಳಲಿಲ್ಲ ಅಂತ ಬರ್ಕೊಂಡಿದ್ಯಾ?"

"ಹೂಂ. ತುಂಬ ಹಿಂದೆ."

"ಮಂದಾ ಕಣ್ಣಲ್ಲೇ ಓದಿದೆ ಅಂತ ವರದೂ ಹೇಳಿದ್ದ. ನಿನ್ನ ಮಗಳಿಗೆ ನಿನ್ನ ಮೇಲೆ ಸಿಟ್ಟಿದೆ ಅಕ್ಕ, ನಾನು ಸರಿಮಾಡ್ತೀನಿ, ನೀನು ಮಧ್ಯೆ ಬರಬೇಡ ಅಂದಿದ್ದ." ಜಡೆ ಬಿಗಿಯಾಯಿತು. "ನಾನು ಮಧ್ಯೆ ಬರಲಿಲ್ಲ." ಅಷ್ಟೇ. ರಿಬ್ಬನ್ ಕಟ್ಟಿ ಎದ್ದುಹೋದಳು. ಬೀದಿಯದ್ದೋ ಮನೆಯದ್ದೋ ಮತ್ತೆ ಹೇಳಲಿಲ್ಲ.

ಗಿರಣಿಯ ಮುಂದೆ ಆ ದಿನ ಸಾಲು ಉದ್ದವಿತ್ತು. ಮಾವ ಬಸ್ ಸ್ಟ್ಯಾಂಡಿನಿಂದ ಅರ್ಧ ಗಂಟೆ ಬಿಡುವು ಮಾಡಿಕೊಂಡು ಖಾಕಿಯಲ್ಲೇ ಬಂದಿದ್ದ. ಸಾಲಿನಲ್ಲಿದ್ದವರನ್ನೆಲ್ಲ ಮಾತಾಡಿಸಿ, ಅಂಗಡಿಯೊಳಗೆ ಬಂದು, ನನ್ನ ಬೆನ್ನ ಹಿಂದೆ ಹಿರಿಯರು ನಿಲ್ಲುವ ಜಾಗದಲ್ಲಿ ತಾನೇ ನಿಂತ. ಅಮ್ಮ ಬಾಗಿಲ ಹತ್ತಿರ ಉಳಿದಳು. ಕೆಂಪು ಬಟ್ಟೆಯ ಮೇಲೆ ಎರಡೂ ಇದ್ದವು.

"ಬೀದಿಗೋ, ಮನೆಗೋ?" ಅಂದರು ಚೆನ್ನಾಜಮ್ಮನವರು. ಅಷ್ಟು ಗಟ್ಟಿಯಾಗಿ ಕೇಳಲೇಬೇಕೆಂದು ಇದೆ.

ಗಿರಣಿಯ ಸದ್ದಿನಲ್ಲಿ ನನ್ನ ಮಾತು ಮುಳುಗಿಹೋದರೆ ಸಾಕು ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೇ ನಾಚಿಕೆಯಾಯಿತು. ಅದು ಮುಳುಗಿದರೆ ಎರಡನೆಯ ಸಲ ಹೇಳಬೇಕಾಗುತ್ತದೆ, ಎರಡನೆಯ ಸಲ ನನ್ನಿಂದ ಆಗುವುದಿಲ್ಲ.

"ಮನೆಗೆ," ಅಂದೆ.

ಗಿರಣಿ ನಿಲ್ಲಲಿಲ್ಲ, ಆದರೆ ಸಾಲಿನ ಮಾತು ನಿಂತಿತು. ಹಿಂದಿನಿಂದ ಮಾವನ ನಗು ಬಂತು. "ತಮಾಷೆ ಮಾಡ್ತಾಳೆ ಚೆನ್ನಾಜಮ್ಮ. ಓದಿದ ಹುಡುಗಿ ನೋಡಿ. ಬೀದೀದು ಕಟ್ಟಿಕೊಡಿ."

"ತಮಾಷೆ ಅಲ್ಲ," ಅಂದೆ. ಎರಡನೆಯ ಸಲವೂ ಬಂತು.

ಚೆನ್ನಾಜಮ್ಮನವರು ನನ್ನನ್ನಲ್ಲ, ನನ್ನ ಹೆಗಲ ಮೇಲಿಂದ ಹಿಂದಕ್ಕೆ ನೋಡಿದರು. "ಹಿರೀಕರು ಹೌದು ಅನ್ದೆ ನಾನು ಕೊಡೋ ಹಂಗಿಲ್ಲ ಮಗಳೇ. ಅನ್ತೀಯೇನಪ್ಪ?"

"ನಾನ್ಯಾಕೆ ಅನ್ಲಿ? ಬೀದೀದು ಅಂದ್ರೆ ಅನ್ತೀನಿ." ಅವನ ದನಿ ಮೈಕಿನ ದನಿಯಾಗಿತ್ತು, ಹೊರಗಿನವರಿಗೆ ಕೇಳಲಿ ಅಂತ. "ಹದಿಮೂರು ವರ್ಷ ಹೆಗಲ ಮೇಲೆ ಹೊತ್ತು ಸಾಕಿದೀನಿ ಇವಳನ್ನ. ಈಗ ಎಲ್ಲರೆದುರಿಗೆ ನನ್ನ ಮುಖಕ್ಕೆ…"

"ವರದೂ," ಅಂದಳು ಅಮ್ಮ. "ಅದು ನಾನು ನಿಲ್ಲೋ ಜಾಗ. ಸರ್ಕೊ."

ನಾನು ತಿರುಗಲಿಲ್ಲ. ಬೂಟಿನ ಸದ್ದು ಒಮ್ಮೆ ಕೇಳಿ ನಿಂತಿತು. ಸ್ವಲ್ಪ ಹೊತ್ತಾದ ಮೇಲೆ ಮತ್ತೆ ಕೇಳಿತು. ಅಮ್ಮನ ಕೈ ನನ್ನ ಬೆನ್ನಿಗೆ ತಾಗಿತು. ತಣ್ಣಗಿತ್ತು.

"ಹೌದು," ಅಂದಳು. "ಮನೇಗೆ."

"ಅಕ್ಕ, ಯೋಚನೆ ಮಾಡಿ ಮಾತಾಡು. ನಾಳೆ ಈ ಊರಲ್ಲಿ ನಾನು ಹೇಗೆ ತಲೆ ಎತ್ಲಿ?"

"ಡಿಪೋದಲ್ಲಿ ಮಲಗೋ ಕೋಣೆ ಇದೆಯಲ್ಲ," ಅಂದಳು ಅಮ್ಮ, ಹಿಂದೆ ನೋಡದೆ. ಅಳುತ್ತಿದ್ದಳು ಅಂತ ದನಿಯಲ್ಲಿ ಗೊತ್ತಾಯಿತು. "ಇವತ್ತಿಂದ ಅಲ್ಲಿರು. ನಿನ್ನ ಟ್ರಂಕು ನಾನೇ ಕಳಿಸ್ತೀನಿ."

ಅವನು ಹೋದದ್ದನ್ನು ನಾನು ನೋಡಲಿಲ್ಲ. ಸಾಲು ಎರಡಾಗಿ ದಾರಿ ಬಿಟ್ಟದ್ದನ್ನು ಕನ್ನಡಕದ ಅಂಗಡಿಯವರು ಆಮೇಲೆ ಯಾರಿಗೋ ಹೇಳುತ್ತಿದ್ದರು. ಚೆನ್ನಾಜಮ್ಮನವರು ನನ್ನ ಅಂಗೈಯಲ್ಲಿ ಐದು ಗುಂಡು ಇಟ್ಟರು. ಒಂದು ಜಾರಿ ಕೆಳಗೆ ಬಿತ್ತು, ಅವರೇ ಬಗ್ಗಿ ಹೆಕ್ಕಿಕೊಟ್ಟರು. "ಇನ್ನು ಯಾರೂ ಕುಂಕುಮಕ್ಕೆ ಕರೆಯಲ್ಲ ಅಂತ ಬೇಜಾರು ಮಾಡ್ಕೋಬೇಡ," ಅಂದರು, ನನಗೆ ಮಾತ್ರ ಕೇಳುವ ಹಾಗೆ. "ನಮ್ಮನೇಗೆ ಬಾ."

ದಾರಿಯುದ್ದಕ್ಕೂ ಅಮ್ಮ, ನಾನು ನಾಲ್ಕು ಬೆರಳು ಬಿಟ್ಟು ಪಕ್ಕಪಕ್ಕ ನಡೆದೆವು. ಇಬ್ಬರು ಗುರುತಿನವರು ಎದುರಾದರು, ಇಬ್ಬರೂ ಚರಂಡಿಯ ಕಡೆ ನೋಡಿದರು. ಮನೆಗೆ ಬಂದು ಅಮ್ಮ ಮುಖ ತೊಳೆದು, ಹೊಲಿಗೆಯ ಡಬ್ಬ ತೆಗೆದುಕೊಂಡು ನನ್ನ ಕೋಣೆಗೆ ಬಂದಳು. ಹಾಸಿಗೆಯ ಮೇಲೆ ಹರಡಿದ್ದ ನನ್ನ ಹೊಸ ಚೂಡಿದಾರವನ್ನು ಮಗುಚಿ ಹಾಕಿದಳು.

"ಎಲ್ಲಿ ಹೊಲೀಲಿ ಗೂಡು? ಅಲ್ಲೇನಾ?"

ಏನನ್ನೂ ಅನ್ನದಿರುವುದು ಆಗಲೂ ಸುಲಭವಿತ್ತು.

"ನಾನೇ ಹೊಲ್ಕೋತೀನಿ ಅಮ್ಮ."

ಅಮ್ಮ ನನ್ನ ಮುಖ ನೋಡಿದಳು. ಆಮೇಲೆ ಕಿಟಕಿಯ ಬೆಳಕಿಗೆ ತಿರುಗಿ, ಎರಡು ಸಲ ತಪ್ಪಿ ಮೂರನೆಯ ಸಲಕ್ಕೆ ಸೂಜಿಗೆ ದಾರ ಪೋಣಿಸಿ ನನ್ನ ಕೈಗೆ ಕೊಟ್ಟಳು. ಹೊರಗೆ ಹೋಗಿ, ಬಾಗಿಲನ್ನು ಎಳೆದುಕೊಂಡಳು.